ಗೋಣಿಯ ಹಿಂದಿನ ತಕ್ಕಡಿ

ನಂಬಬೇಡಿ. ಮುಂದೆ ಹೇಳುವುದನ್ನು ದಯವಿಟ್ಟು ನಂಬಬೇಡಿ. ನಂಬದೆ ಕೊನೆಯ ಸಾಲಿನವರೆಗೆ ಓದಲಿಕ್ಕೆ ನಿಮ್ಮಿಂದ ಆಗ್ತದಾ? ಪಂಥ ಕಟ್ಟಿ, ನೋಡೋಣ!

ನಂಬದಿರಲಿಕ್ಕೆ ನಿಮಗೆ ಕಾರಣವೂ ಉಂಟು. ಜೀವಂತ ಗುಮಾಸ್ತನೊಬ್ಬನಿಗಾಗಿ ಇಡೀ ಸೆಕ್ಷನ್ನನ್ನು ಎದ್ದು ನಿಲ್ಲಿಸಿ ಎರಡು ನಿಮಿಷ ಮೌನ ಆಚರಿಸುವ ಹಾಗೆ ಮಾಡಿದ ಮಹಾನುಭಾವ ನಾನು. ಆ ಪುಣ್ಯಾತ್ಮ ಕ್ಯಾಂಟೀನಿನಲ್ಲಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಪೋಡಿ, ತಿಂದು ಬಾಯಿ ಒರೆಸಿಕೊಂಡು ಬಂದವನು, ಎಲ್ಲರೂ ತಲೆ ತಗ್ಗಿಸಿ ನಿಂತದ್ದು ನೋಡಿ ತಾನೂ ನಿಂತ. "ಯಾರು ಹೋದದ್ದು?" ಅಂತ ಪಕ್ಕದವನ ಕಿವಿಯಲ್ಲಿ ಕೇಳಿದ. "ನೀವೇ ಸಾರ್" ಅಂದ ಅವನು. ಇಂಥ ಕಿತಾಪತಿ ನಲವತ್ತು ವರ್ಷ ಮಾಡಿದ್ದೇನೆ. ಒಂದರಲ್ಲೂ ಸಿಕ್ಕಿಬಿದ್ದವನಲ್ಲ. ಬೆಚ್ಚಿಬೀಳಿಸುವುದು ನನ್ನ ಕಸುಬು, ಬೆಚ್ಚಿಬೀಳುವುದು ಬೇರೆಯವರದು.

ಆದರೆ ಒಬ್ಬರ ಎದುರು ಮಾತ್ರ ನಾನು ದಂಗಾಗಿ ನಿಂತೆ. ಒಂದು ಸಲ ಅಲ್ಲ, ಹತ್ತಿಪ್ಪತ್ತು ಸಲ! ಪ್ರತಿ ಶನಿವಾರ ಸಂಜೆ ದೇವರನ್ನು ಮನೆಗೆ ಕರೆದು, ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿ, "ನನ್ನ ಹೃದಯ ತಪಾಸಣೆ ಮಾಡು ಸ್ವಾಮಿ" ಅಂತ ಎದೆ ಬಿಚ್ಚಿ ತೋರಿಸುತ್ತಿದ್ದ ಒಬ್ಬ ಸರ್ಕಾರಿ ನೌಕರ. ನಂಬುತ್ತೀರಾ? ಬೇಡ ಅಂದೆನಲ್ಲ!

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ಕಾಸರಗೋಡಿನವನು. ಕೊಚ್ಚಿಯ ಒಂದು ಕಾನೂನು ಕಚೇರಿಯಲ್ಲಿ ನಮ್ಮ ಕಡೆಯ ಹಳೆಯ ಕನ್ನಡ ದಸ್ತಾವೇಜುಗಳನ್ನು ಇಂಗ್ಲಿಷಿಗೆ ಅನುವಾದ ಮಾಡುವ ಕೆಲಸ. ಅದಕ್ಕೆಂದೇ ಕಚೇರಿಯ ಮೂಲೆಯಲ್ಲಿ ಒಂದು ಕನ್ನಡ ಟೈಪ್‌ರೈಟರ್ ಇತ್ತು. ಇಡೀ ಕೊಚ್ಚಿ ಶಹರದಲ್ಲಿ ಅಂಥದ್ದು ಅದೊಂದೇ, ಅದನ್ನು ಬಡಿಯಲಿಕ್ಕೆ ಬರುವವನೂ ನಾನೊಬ್ಬನೇ ಅಂತ ನನಗೆ ಭಾರಿ ಜಂಭ. ಮನೆ ಎಡಪ್ಪಳ್ಳಿಯಲ್ಲಿ. ಜಂಕ್ಷನ್ನಿನಿಂದ ಒಳಗೆ ಒಂದು ಓಣಿ, ಎದುರುಬದುರು ಬಾಡಿಗೆ ಮನೆಗಳು. ನಮ್ಮ ಎದುರು ಮನೆಗೆ ಬಂದವರೇ ಈ ಇನ್ಸ್‌ಪೆಕ್ಟರು.

ಪೊಲೀಸ್ ಅಲ್ಲ ಮಾರಾಯ್ರೆ, ತೂಕ-ಅಳತೆಯ ಇನ್ಸ್‌ಪೆಕ್ಟರು! ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಸೀಮೆಎಣ್ಣೆ ಅಳೆಯುವ ಡಬ್ಬಿ, ಇವೆಲ್ಲ ಸರಿ ಉಂಟಾ ನೋಡಿ ಮುದ್ರೆ ಒತ್ತುವವರು. ಮಂಗಳೂರು ಕಡೆಯ ಕ್ರೈಸ್ತರು, ಮನೆಮಾತು ಕನ್ನಡ. ಸಪೂರ ದೇಹ, ದಪ್ಪ ಕನ್ನಡಕ. ಎಲ್ಲಿಗೆ ಹೋದರೂ ಬಗಲಲ್ಲಿ ಒಂದು ಮರದ ಪೆಟ್ಟಿಗೆ. ಒಳಗೆ ನೀಲಿ ಮಖಮಲ್ಲು, ಅದರಲ್ಲಿ ಸಾಲಾಗಿ ಹಿತ್ತಾಳೆಯ ಕಲ್ಲುಗಳು, ತೊಟ್ಟಿಲಲ್ಲಿ ಮಲಗಿಸಿದ ಶಿಶುಗಳ ಹಾಗೆ. ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಓಣಿಗೆಲ್ಲ ಅವರು ಟೀಚರ್, ನಮಗೆ ಟೀಚರಮ್ಮ.

ಬಂದ ಎರಡನೇ ವಾರ ಸೋಮವಾರ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದರು. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಕೈಕಟ್ಟಿ ನಿಂತಿದ್ದಾರೆ. ನನ್ನ ಹೆಂಡತಿ ಬಾಗಿಲು ತೆಗೆದಳು.

"ಅಮ್ಮಾ, ಗುರುವಾರ ನೀವು ಸಾಂಬಾರು ಕಳಿಸಿದ್ರಲ್ಲ. ಭಾರಿ ಲಾಯ್ಕುಂಟು ಅಂದೆ ನಾನು."

"ಹೌದು, ಅದಕ್ಕೆಂತ?"

"ಅದು ಸುಳ್ಳು. ಮನೆ ಒಳಗೆ ಹೋಗಿ ಟೀಚರ್ ಹತ್ರ, ಪಾತ್ರೆ ತೊಳೆದ ನೀರಿನ ಹಾಗುಂಟು ಅಂತ ಹೇಳಿದೆ. ಶನಿವಾರ ದೇವರು ತೋರಿಸಿಕೊಟ್ರು. ಕ್ಷಮಿಸ್ಬೇಕು."

ನಮ್ಮವಳ ಮುಖ ನೀವು ನೋಡಬೇಕಿತ್ತು! ಇಪ್ಪತ್ತೈದು ವರ್ಷದ ದಾಂಪತ್ಯದಲ್ಲಿ ಆ ಸಾಂಬಾರಿನ ಬಗ್ಗೆ ನಾನು ಬಾಯಿ ಬಿಟ್ಟಿರಲಿಲ್ಲ. ಜೀವದ ಆಸೆ ಯಾರಿಗಿಲ್ಲ? ಈ ಮನುಷ್ಯ ಎರಡೇ ವಾರದಲ್ಲಿ ಹೇಳಿ, ಮೇಲಿಂದ ಕ್ಷಮೆಯನ್ನೂ ಕೇಳಿ ಹೊರಟುಹೋದರು. ಎರಡು ತಿಂಗಳು ಎದುರು ಮನೆಗೆ ಒಂದು ಸೌಟು ಪದಾರ್ಥ ಹೋಗಲಿಲ್ಲ. ಮೂರನೇ ತಿಂಗಳು ಮತ್ತೆ ಸೋಮವಾರ, ಮತ್ತೆ ಇಸ್ತ್ರಿ ಅಂಗಿ.

"ಅಮ್ಮಾ, ಇನ್ನೊಂದುಂಟು. ಟೀಚರಿನ ಸಾಂಬಾರು ಅದಕ್ಕಿಂತಲೂ ಕಡೆ. ಹೊಟ್ಟೆಕಿಚ್ಚಿನಲ್ಲಿ ಹಾಗೆ ಹೇಳಿದ್ದು."

ಆವತ್ತು ನಮ್ಮ ಮನೆಯಿಂದ ದೊಡ್ಡ ಪಾತ್ರೆ ಸಾಂಬಾರು ಹೋಯಿತು. ಹೋಗದೆ ಉಪಾಯವಿರಲಿಲ್ಲ, ಎದುರು ಮನೆಯಲ್ಲಿ ಒಲೆ ಹೊತ್ತಿರಲಿಲ್ಲ!

ನನ್ನ ಮಗಳು ಕೊಚ್ಚಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಹೇಳುವ ಜಾತಿ. ಅವಳು ಅವರಿಗೆ 'ಸಾರಿ ಅಂಕಲ್' ಅಂತ ನಾಮಕರಣ ಮಾಡಿದಳು. ಸೋಮವಾರ ಬೆಳಿಗ್ಗೆ ಗೇಟಿನ ಶಬ್ದ ಕೇಳಿದರೆ ಸಾಕು, ಇಡೀ ಓಣಿ ಒಳಗೋಡಿ ಚಿಲಕ ಹಾಕುತ್ತಿತ್ತು. ಸಾಲಗಾರರಿಗೆ ಹೆದರಿ ಅಡಗುವವರನ್ನು ನೋಡಿದ್ದೇನೆ. ಕ್ಷಮೆ ಕೇಳುವವನಿಗೆ ಹೆದರಿ ಅಡಗುವುದನ್ನು ಅಲ್ಲೇ ಮೊದಲು ನೋಡಿದ್ದು!

ಕಳಮಶ್ಶೇರಿಯ ಒಂದು ಕಾರ್ಖಾನೆಗೆ ಲಾರಿ ತೂಗುವ ಕಾಟಾ ಪರೀಕ್ಷೆ ಮಾಡಲು ಹೋಗಿದ್ದರಂತೆ. ಮ್ಯಾನೇಜರು ಬಾಳೆಲೆಯ ಮೇಲೆ ಕರಿಮೀನು ಇಟ್ಟು ಊಟಕ್ಕೆ ಕರೆದ. ಇವರು "ಬೇಡ, ನಿಯಮ ಇಲ್ಲ" ಅಂತ ಗತ್ತಿನಲ್ಲಿ ಎದ್ದು ಬಂದರು. ಸರಿಯಷ್ಟೆ? ಸೋಮವಾರ ಬಸ್ಸು ಹಿಡಿದು ಪುನಃ ಹೋದರು. "ಬೇಡ ಅಂದದ್ದು ಬಾಯಿ ಮಾತ್ರ. ಮನಸ್ಸು ಇಡೀ ಮೀನನ್ನು ಮುಳ್ಳು ಸಮೇತ ತಿಂದಿದೆ. ಕ್ಷಮಿಸಿ." ಮ್ಯಾನೇಜರು ಹೌಹಾರಿದ. ಇದು ಯಾವ ನಮೂನೆಯ ಬಲೆಯೋ ಅಂತ ಆಮೇಲೆ ಯಾವ ಇಲಾಖೆಯವರು ಹೋದರೂ ಆ ಕಾರ್ಖಾನೆಯಲ್ಲಿ ಹಾಲಿಲ್ಲದ ಕಟ್ಟನ್ ಚಾಯ ಬಿಟ್ಟು ಬೇರೇನೂ ಹುಟ್ಟುತ್ತಿರಲಿಲ್ಲವಂತೆ.

ತಿರುವನಂತಪುರದ ದೊಡ್ಡ ಕಚೇರಿಯನ್ನೂ ಬಿಡಲಿಲ್ಲ. ಅಲ್ಲಿಯ ದೊಡ್ಡ ಸಾಹೇಬರಿಗೆ ಏನೋ ಸನ್ಮಾನವಾದಾಗ ಇವರೂ ಚಪ್ಪಾಳೆ ತಟ್ಟಿದ್ದರು. ಮುಂದಿನ ಸೋಮವಾರ ಬೆಳಗಿನ ರೈಲಿಗೆ ಹೋಗಿ, ತುಂಬಿದ ಮೀಟಿಂಗಿನಲ್ಲಿ ಎದ್ದು ನಿಂತರು. "ಸಾರ್, ಆವತ್ತು ನಾನು ಅಂಗೈ ಅಂಗೈ ತಾಗಿಸದೆ ಚಪ್ಪಾಳೆ ತಟ್ಟಿದೆ. ಕ್ಷಮಿಸ್ಬೇಕು!" ಸಾಹೇಬರ ಕೈಯಲ್ಲಿದ್ದ ಚಹಾ ಫೈಲಿನ ಮೇಲೆ ಚೆಲ್ಲಿತು. ಇಷ್ಟು ಸಣ್ಣದನ್ನೂ ಒಪ್ಪಿಕೊಳ್ಳುವವನಿಗೆ ನನ್ನ ಬಗ್ಗೆ ಇನ್ನೆಷ್ಟು ಗೊತ್ತುಂಟೋ ಅಂತ ಹೆದರಿದರೋ ಏನೋ, ಮೂರು ವರ್ಷದಿಂದ ಕೊಳೆಯುತ್ತಿದ್ದ ಇವರ ಒಂದು ಅರ್ಜಿ ಅದೇ ಸಂಜೆ ಮಂಜೂರಾಯಿತು. ಖುಷಿಯಾಯಿತು ಇವರಿಗೆ. ಹಾಗೆ ಖುಷಿಯಾದದ್ದೂ ತಪ್ಪು ಅಂತ ಶನಿವಾರ ಗೊತ್ತಾಯಿತು. ಸೋಮವಾರ ಮತ್ತೆ ರೈಲು!

ಈ ಶನಿವಾರದ ಸಂಗತಿ ಏನೆಂದು ನೋಡಲು ಒಮ್ಮೆ ನಾನೇ ಹೋಗಿ ಕೂತೆ. ಹಾಲಿನಲ್ಲಿ ಎರಡು ಕುರ್ಚಿ, ಒಂದು ಅವರದು, ಎದುರಿನದು ಖಾಲಿ. ಖಾಲಿ ಕುರ್ಚಿಯಲ್ಲಿ ಯಾರೂ ಕೂರುವ ಹಾಗಿಲ್ಲ. ಒಮ್ಮೆ ಗೊತ್ತಿಲ್ಲದೆ ಇನ್ಶೂರೆನ್ಸ್ ಏಜೆಂಟನೊಬ್ಬ ಕೂತುಬಿಟ್ಟನಂತೆ. ಇವರು ಕಣ್ಣು ಮುಚ್ಚಿಕೊಂಡೇ, "ಒಳಗೆ ಏನಾದರೂ ಕಾಣ್ತದಾ?" ಅಂತ ಅವನನ್ನು ಕೇಳಿದರು. ಅವನು ಬ್ಯಾಗು ಅಲ್ಲೇ ಬಿಟ್ಟು ಓಡಿದವನು ಇವತ್ತಿಗೂ ಬಂದಿಲ್ಲ.

"ಇದೆಂತ ಇನ್ಸ್‌ಪೆಕ್ಟ್ರೇ ನಿಮ್ಮ ಕತೆ?" ಅಂದೆ.

"ಅಜ್ಜಿ ಕಲಿಸಿದ್ದು ಭಟ್ರೇ. ಆದಿತ್ಯವಾರ ಇಗರ್ಜಿಗೆ ಹೋಗುವ ಮುಂಚೆ ಶನಿವಾರ ಸಂಜೆ ದೀಪದ ಗಾಜು ಉಜ್ಜುವುದು, ಮತ್ತೆ ಕೂತು, ಒಳಗೆ ಬಂದು ನೋಡು ಸ್ವಾಮಿ ಅಂತ ದೇವರನ್ನು ಕರೆಯುವುದು."

"ಇಲ್ಲಿ ಇಗರ್ಜಿ ಇಲ್ವಾ? ಅಲ್ಲೇ ಕರೆದ್ರೆ ಸಾಕಲ್ಲ!"

"ಉಂಟು. ಆದ್ರೆ ಅಲ್ಲಿ ಪ್ರಾರ್ಥನೆ ಮಲಯಾಳದಲ್ಲಿ. ಮಲಯಾಳದಲ್ಲಾದ್ರೆ ನಂಗೆ ತಪ್ಪಿಸ್ಕೊಳ್ಳಿಕ್ಕೆ ದಾರಿ ಸಿಗ್ತದೆ ಭಟ್ರೇ. ಕನ್ನಡದಲ್ಲಿ ಸಿಗುದಿಲ್ಲ."

"ಅಲ್ಲ, ನಿಮ್ಮ ದೇವರಿಗೆ ಎಲ್ಲ ಗೊತ್ತುಂಟು ಅಂತೀರಿ. ಮತ್ತೆ ಕರೆದು ತೋರಿಸುದು ಎಂತಕ್ಕೆ? ನೀವೇ ಕನ್ನಡಿ ನೋಡಿಕೊಂಡು ಲೆಕ್ಕ ಹಾಕಿದ್ರಾಯ್ತಲ್ಲ!"

ಕನ್ನಡಕ ತೆಗೆದು ಒರೆಸಿದರು. "ತಕ್ಕಡಿ ಒಂದು ಊರನ್ನೇ ತೂಗ್ತದೆ. ತನ್ನನ್ನು ತಾನು ತೂಗ್ಲಿಕ್ಕೆ ಅದಕ್ಕೆ ಬರ್ತದಾ? ಮುದ್ರೆ ಒತ್ತುವ ಮೊಳೆ ಅಂಗಡಿಯವನ ಕೈಯಲ್ಲೇ ಇದ್ರೆ ಊರು ಉಳೀತದಾ? ಹೊರಗಿನವರೇ ಬರ್ಬೇಕು. ಮತ್ತೆ, ಗೊತ್ತಿರುದು ಬೇರೆ, ನಾವಾಗಿ ಬಾಗಿಲು ತೆಗೆಯುದು ಬೇರೆ. ಕಳ್ಳ ಅಂಗಡಿಯಲ್ಲಿ ಯಾವಾಗ್ಲೂ ಎರಡು ತಕ್ಕಡಿ ಇರ್ತದೆ ಭಟ್ರೇ. ಒಂದು ಎದುರಿಗೆ, ಉಜ್ಜಿ ಥಳಥಳ ಮಾಡಿದ್ದು, ಅದು ನಮಗೆ ತೋರಿಸ್ಲಿಕ್ಕೆ. ಇನ್ನೊಂದು ಗೋಣಿಯ ಹಿಂದೆ. ನನಗೆ ಗೊತ್ತೇ ಇರ್ತದೆ. ಆದ್ರೆ ಅವನಾಗಿಯೇ ಅದನ್ನು ಹೊರಗೆ ತಂದಿಟ್ರೆ, ಅವನು ಮತ್ತೆ ಆ ಹಳೆ ಮನುಷ್ಯನೇ ಅಲ್ಲ."

ಮಾತು ಚಂದವಿತ್ತು. ನನ್ನಂಥವನಿಗೆ ಚಂದದ ಮಾತು ಸಿಕ್ಕಿದರೆ ಕೈ ಸುಮ್ಮನಿರುತ್ತದಾ? ಆ ರಾತ್ರಿಯೇ ತಲೆಯಲ್ಲಿ ಹುಳ ಹೊಕ್ಕಿತು. ಇಷ್ಟು ವರ್ಷ ದೇವರನ್ನು ಕರೆದು ತಪಾಸಣೆ ಮಾಡಿಸಿದ ಮನುಷ್ಯನಿಗೆ ಒಂದು ಲಿಖಿತ ವರದಿ ಬೇಡವೇ? ಪಾಪ, ಸರ್ಕಾರಿ ನೌಕರ! ಬರವಣಿಗೆಯಲ್ಲಿ ಇಲ್ಲದ್ದನ್ನು ಅವನು ನಂಬುವುದಾದರೂ ಹೇಗೆ?

ಸೋಮವಾರ ಕಚೇರಿಯಲ್ಲಿ ಊಟದ ಹೊತ್ತು, ಫೂಲ್‌ಸ್ಕೇಪ್ ಹಾಳೆ ಹಾಕಿ ಬಡಿದೆ.

'ಪರಲೋಕ ತಪಾಸಣಾ ವಿಭಾಗ. ವಿಷಯ: ತಮ್ಮ ಹೃದಯದ ಪರಿಶೀಲನೆ. ತಮ್ಮ ಆಹ್ವಾನದ ಮೇರೆಗೆ ಸ್ಥಳ ತಪಾಸಣೆ ನಡೆಸಲಾಗಿ, ಎದುರಿನ ತಕ್ಕಡಿಯು ಥಳಥಳ ಹೊಳೆಯುತ್ತಿರುವುದು ಕಂಡುಬಂದಿದೆ. ಗೋಣಿಯ ಹಿಂದಿನದನ್ನು ತಾವು ಈವರೆಗೆ ಹಾಜರುಪಡಿಸಿರುವುದಿಲ್ಲ. ಏಳು ದಿನದೊಳಗೆ ಹಾಜರುಪಡಿಸತಕ್ಕದ್ದು.'

ಕೆಳಗೆ ಸಹಿ. ಯಾರಿಗೂ ಓದಲಿಕ್ಕಾಗದ ಸಹಿ, ದೊಡ್ಡ ಅಧಿಕಾರಿ ಅಂದರೆ ಹಾಗೆಯೇ ತಾನೆ! ನನ್ನ ಜೀವಮಾನದ ಶ್ರೇಷ್ಠ ಕೃತಿ ಅದು. ಸುಮ್ಮನೆ ಹೇಳುತ್ತಿಲ್ಲ, ಟೈಪ್ ಮಾಡುವಾಗ ನನಗೇ ರೋಮಾಂಚನವಾಯಿತು. ಮುಂದಿನ ಶನಿವಾರ ಅವರು ಕೈಕಾಲು ತೊಳೆಯಲು ಹೋದಾಗ ಒಳನುಗ್ಗಿ ಖಾಲಿ ಕುರ್ಚಿಯ ಮೇಲಿಟ್ಟು ಬಂದೆ. ಇನ್ನು ಸೋಮವಾರ ಯಾರ ಮನೆ ಬಾಗಿಲಿಗೆ ಯಾವ ಸಾಂಬಾರಿನ ಕತೆ ಹೋಗುತ್ತದೋ ಅಂತ ಕಿಟಕಿಯ ಹಿಂದೆ ನಗುವನ್ನು ತಡೆದುಕೊಂಡು ಕಾದೆ.

ಸೋಮವಾರ ಅವರು ಗೇಟು ತೆಗೆಯಲಿಲ್ಲ. ಮಂಗಳವಾರವೂ ಇಲ್ಲ. ಓಣಿಯವರಿಗೆಲ್ಲ ಆಶ್ಚರ್ಯ, ಕೆಲವರಿಗೆ ನಿರಾಶೆ. ಬುಧವಾರ ಟೀಚರಮ್ಮ ನಮ್ಮ ಅಡುಗೆಮನೆಗೆ ಬಂದು ಕೂತು ಅತ್ತರು.

"ಮೂರು ದಿನ ಆಯ್ತು ಅಕ್ಕಾ, ಅನ್ನ ಮುಟ್ಟುದಿಲ್ಲ. ಆ ಪೆಟ್ಟಿಗೆ ತೊಡೆ ಮೇಲೆ ಇಟ್ಕೊಂಡು ಕೂತಿದ್ದಾರೆ. ಎಂತ ಕೇಳಿದ್ರೂ ಒಂದೇ ಮಾತು, ನೋಟೀಸು ಬಂತು ಅಂತ."

ಒಗ್ಗರಣೆಯ ಹೊಗೆಯಲ್ಲಿ ನನ್ನ ಮುಖ ಯಾರಿಗೂ ಕಾಣಲಿಲ್ಲ, ಪುಣ್ಯ! ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ತಮಾಷೆಗೆ ಕತ್ತಲಲ್ಲಿ ಕಲ್ಲೆಸೆದವನಿಗೆ ಒಳಗಿಂದ ಯಾರೋ ನರಳಿದ ಶಬ್ದ ಕೇಳಿದರೆ ಹೇಗಾಗುತ್ತದೆ ಹೇಳಿ?

ಆವತ್ತೇ ಸಂಜೆ ಅವರೇ ಬಂದರು. ಗಡ್ಡ ಬೋಳಿಸಿರಲಿಲ್ಲ. "ಭಟ್ರೇ, ನಾಳೆ ತಿರುವನಂತಪುರಕ್ಕೆ ಹೋಗ್ಲಿಕ್ಕುಂಟು. ನೀವು ಬರ್ಬೇಕು."

"ನಾನೆಂತಕ್ಕೆ?"

"ಒಬ್ಬನೇ ಹೋದ್ರೆ ನಾನು ಕೊಲ್ಲಂನಲ್ಲಿ ಇಳಿದು ವಾಪಸು ಬಂದ್ಬಿಡ್ತೇನೆ. ಈ ಒಂದು ಕೆಲಸಕ್ಕೆ ಹೊರಟು ಹನ್ನೊಂದು ಸಲ ಹಾಗೆ ಬಂದಿದ್ದೇನೆ."

ಬೆಳಗಿನ ರೈಲು. ಅವರು ಕಿಟಕಿಯ ಬದಿ, ತೊಡೆಯ ಮೇಲೆ ಪೆಟ್ಟಿಗೆ. ಪ್ರತಿ ನಿಲ್ದಾಣದಲ್ಲೂ, ಈಗ ಹೇಳಿಬಿಡುತ್ತೇನೆ ಅಂತ ಬಾಯಿ ತೆರೆದೆ. ಒಂದು ನಿಲ್ದಾಣದಲ್ಲಿ ಚಾಯದವನು ಬಂದ, ಇನ್ನೊಂದರಲ್ಲಿ ವಡೆಯವನು ಬಂದ, ಮಗದೊಂದರಲ್ಲಿ ಟಿಕೆಟ್ ಪರೀಕ್ಷಕ ಬಂದ. ನನ್ನ ಧೈರ್ಯ ಮಾತ್ರ ಬರಲಿಲ್ಲ. ಅಷ್ಟರಲ್ಲಿ ಅವರೇ ಪೆಟ್ಟಿಗೆ ತೆರೆದು ಒಂದು ಕಿಲೋದ ಹಿತ್ತಾಳೆ ಕಲ್ಲನ್ನು ಎತ್ತಿದರು. ಅದರ ಗುಳಿಯ ಅಡಿಯಲ್ಲಿ, ಮಖಮಲ್ಲಿನ ಒಂದು ಮಡಿಕೆಯಲ್ಲಿ, ಹುಣಸೆಬೀಜದಷ್ಟು ಒಂದು ಸೀಸದ ತುಂಡು.

"ಹದಿನೆಂಟು ವರ್ಷದ ಹಿಂದೆ, ಆ ಊರಿಗೆ ನಾನು ಹೊಸಬ. ತಿರುವನಂತಪುರದ ಪೇಟೆಯಲ್ಲಿ ಡ್ಯೂಟಿ" ಅಂತ ಶುರುಮಾಡಿದರು. "ಬೆಲ್ಲದ ಅಂಗಡಿ ಒಂದು. ಯಜಮಾನ ಎಳೆ ಪ್ರಾಯದವ, ಅಪ್ಪ ತೀರಿಕೊಂಡು ಆರು ತಿಂಗಳು. ಅಪ್ಪ ವಾಪರಿಸ್ತಿದ್ದ ಅದೇ ಒಂದು ಕಿಲೋದ ಕಲ್ಲು. ನನ್ನ ಕಲ್ಲಿನ ಎದುರು ಇಟ್ಟೆ. ಅವನದ್ದು ಮೇಲೆ ಹೋಯ್ತು. ತೂಕ ಕಮ್ಮಿ! ಪೇಟೆ ಇಡೀ ಸೇರಿದೆ. ಅವನು, ಅಪ್ಪನ ಕಲ್ಲು ಸಾರ್, ಹಾಗಾಗ್ಲಿಕ್ಕಿಲ್ಲ ಅಂತ ಕೈ ಮುಗಿದ. ನಾನು ಎಂತ ಹೇಳಿದೆ ಗೊತ್ತುಂಟಾ? ಹಾಗಾದ್ರೆ ನಿನ್ನ ಅಪ್ಪನೇ ಕಳ್ಳ ಅಂತ ಹೇಳಿದೆ. ಎಲ್ಲರೂ ನಗಾಡಿದ್ರು. ನನಗೆ ಖುಷಿಯಾಯ್ತು. ಕೇಸು ಬರ್ದೆ, ಕಲ್ಲನ್ನು ಜಪ್ತಿ ಮಾಡಿದೆ."

ರೈಲು ಒಂದು ಸೇತುವೆ ದಾಟಿತು. ಆ ಗದ್ದಲ ಮುಗಿಯುವವರೆಗೆ ಕಾದರು.

"ಸಂಜೆ ಪೆಟ್ಟಿಗೆ ಒರೆಸ್ಲಿಕ್ಕೆ ಕೂತೆ. ನನ್ನ ಕಲ್ಲಿನ ಅಡಿಯಲ್ಲಿ ಇದು. ಮುದ್ರೆ ಒತ್ತುವ ಸೀಸದ ತುಂಡು, ಅರಗಿನೊಟ್ಟಿಗೆ ಅಂಟಿಕೊಂಡಿದೆ. ಭಾರ ಇದ್ದದ್ದು ನನ್ನ ಕಲ್ಲು ಭಟ್ರೇ. ಅವನ ಅಪ್ಪನದ್ದು ಸರಿ ಇತ್ತು."

ಕರಿಮೀನಿಗೆ ಕ್ಷಮೆ ಕೇಳಿದವರು! ಚಪ್ಪಾಳೆಗೆ ಕ್ಷಮೆ ಕೇಳಿದವರು! ಎಲ್ಲ ಥಳಥಳ ಹೊಳೆಯುವ ಎದುರಿನ ತಕ್ಕಡಿ. ನಾನು ತಮಾಷೆಗೆ ಟೈಪ್ ಮಾಡಿದ್ದು ಅಕ್ಷರಶಃ ಅಲ್ಲೇ ಹೋಗಿ ನಾಟಿದೆ!

"ಕೆಲಸ ಹೋಗ್ತದೆ ಅಂತ ಹೆದ್ರಿದೆ. ಮತ್ತೆ ಮರ್ಯಾದೆ ಹೋಗ್ತದೆ ಅಂತ ಹೆದ್ರಿದೆ. ಪ್ರತಿ ಶನಿವಾರ ದೇವರು ಬರ್ತಾರೆ, ನಾನು ಸಾಂಬಾರು ತೋರಿಸ್ತೇನೆ. ಅವರು ಗೋಣಿ ಕಡೆ ನೋಡಿದ್ರೆ ಮೀನು ತೋರಿಸ್ತೇನೆ. ಈಗ ನಿವೃತ್ತಿಗೆ ನಾಲ್ಕು ತಿಂಗಳುಂಟು. ಆಗ ಈ ಕಾಗದ ಬಂತು."

ಕೊಲ್ಲಂ ನಿಲ್ದಾಣ ಬಂತು. ಅವರ ಕಾಲು ಬಾಗಿಲ ಕಡೆ ತಿರುಗಿದ್ದು ಕಂಡೆ. ಆಗ ನಾನು, ನಲವತ್ತು ವರ್ಷ ಯಾರಿಗೂ ಸಿಕ್ಕಿಬೀಳದ ನಾನು, ಗಂಡಸಿನ ಹಾಗೆ ಎದ್ದು ನಿಂತು ಹೇಳಿದೆ: "ಇನ್ಸ್‌ಪೆಕ್ಟ್ರೇ, ಆ ಕಾಗದ ದೇವರದ್ದಲ್ಲ. ನನ್ನದು! ನನ್ನನ್ನು ಕ್ಷಮಿಸ್ಬೇಕು. ಬೇಕಾದ್ರೆ ಇಲ್ಲೇ ಇಳಿದು ವಾಪಸು ಹೋಗುವ."

ಎಂಥ ಧೈರ್ಯ ನೋಡಿ! ಬೋಗಿಯಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಬಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಅಂಗೈ ಅಂಗೈ ತಾಗಿಸಿಯೇ!

"ಗೊತ್ತುಂಟು" ಅಂದರು ಅವರು.

"ಎಂತ ಗೊತ್ತುಂಟು?"

"ಇಡೀ ಕೊಚ್ಚಿಯಲ್ಲಿ ಕನ್ನಡ ಟೈಪ್‌ರೈಟರ್ ಇರುದು ಒಂದೇ ಭಟ್ರೇ. ನೀವೇ ದಿನಕ್ಕೆ ಮೂರು ಸಲ ಹೇಳ್ತೀರಿ."

ಅಯ್ಯೋ! ಇಷ್ಟು ದೊಡ್ಡ ಪೆದ್ದುತನ ಯಾವ ಕಿತಾಪತಿಯವನೂ ಮಾಡಿರಲಿಕ್ಕಿಲ್ಲ. ಬೆರಳಚ್ಚು ಬಿಟ್ಟುಹೋಗುವ ಕಳ್ಳರನ್ನು ಕೇಳಿದ್ದೇನೆ. ನಾನು ವಿಳಾಸವನ್ನೇ ಬಿಟ್ಟುಬಂದಿದ್ದೆ!

"ಗೊತ್ತಿದ್ದೂ ಯಾಕೆ ಹೊರಟದ್ದು ಮಾರಾಯ್ರೆ? ಮೂರು ದಿನ ಉಪವಾಸ ಯಾಕೆ ಕೂತದ್ದು?"

ಅವರು ಮೊದಲ ಸಲ ನಕ್ಕರು. "ದೊಡ್ಡ ಸಾಹೇಬರು ತಪಾಸಣೆಗೆ ಬರುವಾಗ ಒಳ್ಳೆ ಜೀಪಿನಲ್ಲೇ ಬರ್ಬೇಕು ಅಂತ ಉಂಟಾ? ಆವತ್ತು ಯಾವ ಲಟಾರಿ ಜೀಪು ಸಿಕ್ಕಿತೋ, ಅದ್ರಲ್ಲೇ ಬರ್ತಾರೆ."

ಲಟಾರಿ ಜೀಪು! ನನಗೆ! ನನ್ನ ಪ್ರತಿಭೆಗೆ ಅಲ್ಲಿಯವರೆಗೆ ಸಿಕ್ಕ ಬಿರುದುಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿಲ್ಲ. ರೈಲು ಹೊರಟಿತು. ಇಬ್ಬರೂ ಇಳಿಯಲಿಲ್ಲ.

ಪೇಟೆಯ ಆ ಓಣಿಯಲ್ಲಿ ಅಂಗಡಿ ಅಲ್ಲೇ ಇತ್ತು. ಬೆಲ್ಲದ ವಾಸನೆ, ನೊಣ, ಗೋಣಿಗಳ ಗೋಡೆ. ಯಜಮಾನನಿಗೆ ಈಗ ಐವತ್ತರ ಹತ್ತಿರ, ಕಿವಿಯ ಮೇಲೆ ನರೆಗೂದಲು. ಎದುರಿಗೆ ಅಂಕೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ. ಪೆಟ್ಟಿಗೆ ಕಂಡದ್ದೇ ಎದ್ದು ನಿಂತು ಮಲಯಾಳದಲ್ಲಿ, "ಸಾರ್, ಮುದ್ರೆ ಹೋದ ತಿಂಗಳಷ್ಟೇ ಆಗಿದೆ" ಅಂದ. ಇವರ ಗುರುತು ಹತ್ತಿರಲಿಲ್ಲ.

ಇನ್ಸ್‌ಪೆಕ್ಟರು ಪೆಟ್ಟಿಗೆ ತೆರೆದರು. ಹಿತ್ತಾಳೆ ಕಲ್ಲನ್ನು ತಕ್ಕಡಿಯ ಮೇಲಿಟ್ಟರು. ಕೆಂಪು ಅಂಕೆ ಸರಿಯಾಗಿ ಒಂದು ಕಿಲೋ ತೋರಿಸಿತು. ಆಮೇಲೆ ಸೀಸದ ತುಂಡನ್ನು ಅದರ ಪಕ್ಕದಲ್ಲಿಟ್ಟರು. ಒಂದು ಕಿಲೋ ಐದು ಗ್ರಾಂ.

"ಹದಿನೆಂಟು ವರ್ಷದ ಹಿಂದೆ ನಿಮ್ಮ ಅಪ್ಪನ ಕಲ್ಲನ್ನು ಜಪ್ತಿ ಮಾಡಿದವನು ನಾನು. ಆವತ್ತು ಇದು ನನ್ನ ಕಲ್ಲಿನ ಅಡಿಯಲ್ಲಿ ಅಂಟಿಕೊಂಡಿತ್ತು. ನಿಮ್ಮ ಅಪ್ಪನ ಕಲ್ಲು ಸರಿ ಇತ್ತು. ತಪ್ಪಿದ್ದು ನನ್ನದು" ಅಂದರು. ಹೇಳಿದ್ದು ಮಲಯಾಳದಲ್ಲೇ. ತಪ್ಪಿಸಿಕೊಳ್ಳುವ ದಾರಿ ಆ ಭಾಷೆಯಲ್ಲೂ ಸಿಗಲಿಲ್ಲ.

ಆ ಮನುಷ್ಯ ಅಂಕೆಯನ್ನೇ ನೋಡುತ್ತ ನಿಂತ. ಬೆಲ್ಲ ಕೊಳ್ಳಲು ಬಂದಿದ್ದ ಹೆಂಗಸು ಚೀಲ ಹಿಡಿದುಕೊಂಡೇ ನಿಂತಳು. "ಸಾರ್‌ಗೆ ಇದು ಯಾವಾಗ ಗೊತ್ತಾದದ್ದು?" ಅಂತ ಕೇಳಿದ.

"ಆವತ್ತು ಸಂಜೆ."

ಅವನ ಕೈ ಮೇಲೆ ಹೋಯಿತು. ಬಿತ್ತು ಏಟು ಅಂದುಕೊಂಡೆ. ಇನ್ಸ್‌ಪೆಕ್ಟರು ಮುಖ ತಿರುಗಿಸಲಿಲ್ಲ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತರು, ಏಟಿಗೆ ಅನುಕೂಲವಾಗಲಿ ಅನ್ನುವ ಹಾಗೆ!

ಆ ಕೈ ಅವರ ತಲೆಯ ಮೇಲಿಂದ ಹಾದು ಒಂದು ಗೋಣಿಯನ್ನು ಹಿಡಿದೆಳೆಯಿತು. ಆಮೇಲೆ ಇನ್ನೊಂದು. ಬೆಲ್ಲದ ಅಚ್ಚುಗಳು ನೆಲಕ್ಕುರುಳಿದವು. ಗೋಣಿಗಳ ಹಿಂದಿನಿಂದ ಅವನು ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಚೌಕಟ್ಟನ್ನು ಹೊರತೆಗೆದ. ಪೇಪರು ಹರಿದ. ಒಳಗೆ ಮೀಸೆಯ ಒಬ್ಬ ಮುದುಕ, ಇರುವೆ ತಿಂದ ಅಂಚು. ಉಟ್ಟ ಮುಂಡಿನ ತುದಿಯಿಂದ ಗಾಜು ಒರೆಸಿದ.

"ನಾನೂ ನಂಬಿಬಿಟ್ಟೆ ಸಾರ್" ಅಂದ. "ಊರು ನಂಬಿದ್ದು ಹೋಗಲಿ. ನಾನು, ಅವರ ಮಗ, ನಂಬಿಬಿಟ್ಟೆ. ಆವತ್ತೇ ಗೋಡೆಯಿಂದ ಇಳಿಸಿದೆ. ವರ್ಷದ ತಿಥಿಗೆ ಪಿಂಡ ಇಡುವಾಗಲೂ ಮನಸ್ಸಿನಲ್ಲಿ ಬೈದುಕೊಂಡೇ ಇಟ್ಟೆ."

ಐದು ಗ್ರಾಂ! ಒಬ್ಬ ಅಪ್ಪನನ್ನು ಹದಿನೆಂಟು ವರ್ಷ ಗೋಣಿಯ ಹಿಂದೆ ನಿಲ್ಲಿಸಲಿಕ್ಕೆ ಐದು ಗ್ರಾಂ ಸಾಕಾಯಿತಲ್ಲ ಅಂತ ನಾನು ಬೆಪ್ಪಾಗಿ ನಿಂತೆ. ಗೋಡೆಯಲ್ಲಿ ಮೊಳೆ ಹಾಗೇ ಇತ್ತು. ಪಟವನ್ನು ಅದಕ್ಕೆ ಸಿಕ್ಕಿಸಿದ. ಇನ್ಸ್‌ಪೆಕ್ಟರು ಕ್ಷಮೆ ಕೇಳಲು ಬಾಯಿ ತೆರೆದರು. ನೂರಾರು ಸೋಮವಾರಗಳ ಅಭ್ಯಾಸವಿದ್ದ ಬಾಯಿ ಅದು. ಮಾತೇ ಹೊರಡಲಿಲ್ಲ!

ಅವನು ತಿರುಗಿ ನೋಡದೆ ಹೇಳಿದ: "ಸಾರ್ ಈಗ ಹೋಗಿ. ಕ್ಷಮೆಯ ಮಾತು ಆಮೇಲೆ. ಮೊದಲು ನನಗೆ ಅಪ್ಪನ ಹತ್ತಿರ ಕೇಳಲಿಕ್ಕುಂಟು."

ಹೊರಗೆ ಬಂದು ಓಣಿಯ ಕೊನೆಯ ಚಾಯದಂಗಡಿಯಲ್ಲಿ ಕೂತೆವು. ಇನ್ಸ್‌ಪೆಕ್ಟರು ನಾಲ್ಕು ದಿನದ ಹಸಿವಿನಲ್ಲಿ ಆರು ದೋಸೆ ತಿಂದರು. ಅಲ್ಲಿಂದ ಸೀದಾ ದೊಡ್ಡ ಕಚೇರಿಗೆ. ಬಾಗಿಲಲ್ಲಿ ಇವರನ್ನು ಕಂಡದ್ದೇ ಸಾಹೇಬರು ಚಹಾದ ಕಪ್ಪನ್ನು ದೂರ ಸರಿಸಿ, "ಇನ್ನೂ ಉಂಟಾ?" ಅಂದರು. ಇವರು ಎಲ್ಲವನ್ನೂ ಹೇಳಿ, ಬರೆದೂ ಕೊಟ್ಟರು. ಸಾಹೇಬರು ದಂಗು ಬಡಿದು, "ನಾಲ್ಕು ತಿಂಗಳು ಸುಮ್ಮನಿರಬಾರದಾ ಮನುಷ್ಯಾ? ಆ ಫೈಲು ಗೆದ್ದಲಿಗೆ ಹೋಗಿ ಯಾವ ಕಾಲವಾಯಿತೋ!" ಅಂತ ಬೇಡಿಕೊಂಡರು. ಇವರು ಕೇಳಬೇಕಲ್ಲ! ಕೊನೆಗೆ ಇಲಾಖೆ ಅವರಿಗೊಂದು ಖಂಡನೆಯ ಮೆಮೊ ಕೊಟ್ಟಿತು. ಅದನ್ನವರು ಗಾಜು ಹಾಕಿಸಿ, ಎಡಪ್ಪಳ್ಳಿಯ ಮನೆಯ ಹಾಲಿನಲ್ಲಿ ಖಾಲಿ ಕುರ್ಚಿಯ ಎದುರಿಗೆ ತೂಗುಹಾಕಿದರು. ಸರ್ವೀಸಿನಲ್ಲಿ ಸಿಕ್ಕ ಸನ್ಮಾನಪತ್ರ ಅನ್ನುವ ಹಾಗೆ!

ಬೆಲ್ಲದಂಗಡಿಯವನ ಉತ್ತರ ಓಣಂ ಹಬ್ಬಕ್ಕೆ ಬಂತು. ಕಾಗದ ಅಲ್ಲ, ಪಾರ್ಸೆಲು. ಒಳಗೆ ಒಂದು ಅಚ್ಚು ಬೆಲ್ಲ, ಒಂದು ಚೀಟಿ: 'ತ್ರಾಸಿನಲ್ಲಿಟ್ಟು ನೋಡಿ ಸಾರ್.' ಇನ್ಸ್‌ಪೆಕ್ಟರು ಇಟ್ಟು ನೋಡಿದರು. ಒಂದು ಕಿಲೋ, ಮೇಲೆ ಐದು ಗ್ರಾಂ. ಆವತ್ತು ಸಂಜೆ ಟೀಚರಮ್ಮ ಪಾಯಸ ಮಾಡಿದರು. ಹೇಗಿತ್ತು ಅಂತ ದಯವಿಟ್ಟು ಕೇಳಬೇಡಿ. ಇನ್ಸ್‌ಪೆಕ್ಟರು ಮೂರು ಲೋಟ ಕುಡಿದು ಭಾರಿ ಲಾಯ್ಕುಂಟು ಅಂದರು. ಮುಂದಿನ ಸೋಮವಾರ ಯಾರ ಹತ್ತಿರವೂ ಕ್ಷಮೆ ಕೇಳಲಿಲ್ಲ.

ಈಗ ಅವರು ಮಂಗಳೂರಿನಲ್ಲಿದ್ದಾರೆ. ಕಣ್ಣು ಪೂರ್ತಿ ಹೋಗಿದೆ. ನಾನು ಬರೆದದ್ದನ್ನೆಲ್ಲ ಟೀಚರಮ್ಮ ಓದಿ ಹೇಳುತ್ತಾರೆ, ಇದನ್ನೂ ಓದುತ್ತಾರೆ. ಆದ್ದರಿಂದ ಒಂದು ವಿಷಯ ಹೇಳದೆ ಮುಗಿಸುವ ಹಾಗಿಲ್ಲ.

ಇಷ್ಟರಲ್ಲಿ ಒಂದೇ ಒಂದು ಕಡೆ ನಾನು ಸುಳ್ಳು ಸೇರಿಸಿದ್ದೇನೆ. ಸೀಸದ ತುಂಡು ನಿಜ, ಬೆಲ್ಲ ನಿಜ, ಇನ್ಶೂರೆನ್ಸಿನವನು ಓಡಿದ್ದೂ ನಿಜ. ಕೊಲ್ಲಂ ನಿಲ್ದಾಣದಲ್ಲಿ ಎದ್ದು ನಿಂತು, ಕಾಗದ ನನ್ನದು, ನನ್ನನ್ನು ಕ್ಷಮಿಸಿ ಅಂದೆನಲ್ಲ, ಅದು ಸುಳ್ಳು. ನಾನು ಏಳಲಿಲ್ಲ. ಬಾಯಿಯೂ ಬಿಡಲಿಲ್ಲ. ತಲೆ ಬಗ್ಗಿಸಿ ಚಪ್ಪಲಿಯ ಬಾರು ನೋಡುತ್ತ ಕೂತಿದ್ದೆ. ಅವರೇ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಗೊತ್ತುಂಟು ಭಟ್ರೇ" ಅಂದರು. ನಾನು ಹೋಗುವಾಗಲೂ ಕ್ಷಮೆ ಕೇಳಲಿಲ್ಲ, ಬರುವಾಗಲೂ ಕೇಳಲಿಲ್ಲ. ಇಷ್ಟು ವರ್ಷ ಎದುರಿನ ತಕ್ಕಡಿಯನ್ನೇ ಉಜ್ಜುತ್ತ ಬಂದೆ.

ಇನ್ಸ್‌ಪೆಕ್ಟ್ರೇ, ಆ ಕಾಗದ ನನ್ನದು. ಕ್ಷಮಿಸ್ಬೇಕು.

ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕೂತು ಬರೆಯುತ್ತಿದ್ದೇನೆ. ಇವತ್ತು ಸೋಮವಾರ.